ಸಾಕ್ಷಿ ಎಲ್ಲಿದೆ ಅಪ್ಪ?

ಹೋದ ಭಾನುವಾರ ಮಗಳ ಜೊತೆ ಬೆಂಗಳೂರಿನ ನೆಹರು ತಾರಾಲಯದ ಮುಂದೆ ನಿಂತ ಫೋಟೋ ಹಾಕಿದ್ದೆ. ಅದನ್ನ ನೋಡಿ ಏಳೆಂಟು ಜನ ಇನ್‌ಬಾಕ್ಸಲ್ಲಿ ಒಂದೇ ಪ್ರಶ್ನೆ ಕೇಳಿದ್ರು. "ಅಣ್ಣ, ನಮ್ಮ ಮಗೂನೂ ನಕ್ಷತ್ರ, ಗ್ರಹ ಅಂತ ತಲೆ ತಿಂತಾನೆ. ಯೂಟ್ಯೂಬಲ್ಲಿ ಸಾವಿರ ಇದಾವೆ, ಯಾವುದು ತೋರಿಸೋದು?" ಒಬ್ಬೊಬ್ಬರಿಗೂ ಬರೆಯೋ ಬದಲು ಇಲ್ಲೇ ಬರೀತಿದೀನಿ. ಉದ್ದ ಆಗುತ್ತೆ, ಸಹಿಸಿಕೊಳ್ಳಿ. ನಾನೇನು ವಿಜ್ಞಾನ ಓದಿದವನಲ್ಲ. ಬಿ.ಎ. ಮಾಡಿ ಕಚೇರಿಯಲ್ಲಿ ಕಡತ ನೋಡೋ ಗುಮಾಸ್ತ. ಮಗಳ ಹಿಂದೆ ಹಿಂದೆ ಹೋಗಿ ಕಲಿತದ್ದಷ್ಟೇ ಇದು.

ಅವಳಿಗೆ ಈ ಹುಚ್ಚು ಹಿಡಿದದ್ದು 2023ರ ಆಗಸ್ಟ್ 23ರ ಸಂಜೆ. ಚಂದ್ರಯಾನ-3 ಇಳಿಯೋದನ್ನ ಟಿವಿಯಲ್ಲಿ ನೋಡಿದ್ಲು. ಪೀಣ್ಯದ ಕಂಟ್ರೋಲ್ ರೂಮಲ್ಲಿ ಎಲ್ಲರೂ ಎದ್ದು ಚಪ್ಪಾಳೆ ಹೊಡೆದಾಗ ಇವಳೂ ಮಂಚದ ಮೇಲೆ ಎದ್ದು ನಿಂತು ಹೊಡೆದ್ಲು. ಅವತ್ತಿಂದ ಶುರು. ಚಂದ್ರ ಯಾಕೆ ಬೀಳಲ್ಲ? ಸೂರ್ಯನ ಒಳಗೆ ಏನಿದೆ? ನನಗೆ ಉತ್ತರ ಗೊತ್ತಿರಲಿಲ್ಲ. ಎಲ್ಲಾ ಅಪ್ಪಂದಿರು ಮಾಡೋದನ್ನೇ ನಾನೂ ಮಾಡಿದೆ. ಮೊಬೈಲ್ ಕೈಗೆ ಕೊಟ್ಟೆ.

ಹೋದ ವರ್ಷ ಒಂದು ರಾತ್ರಿ ಹನ್ನೊಂದು ಗಂಟೆಗೆ ಅವಳು ಅಳ್ತಾ ಬಂದು ನನ್ನ ಪಕ್ಕ ಮಲಗಿದ್ಲು. "ಅಪ್ಪ, ದೊಡ್ಡ ಕಲ್ಲು ಬಂದು ಭೂಮಿಗೆ ಹೊಡೆಯುತ್ತಂತೆ. ನಾವು ಯಾರೂ ಉಳಿಯಲ್ವಂತೆ." ಯಾರು ಹೇಳಿದ್ರು ಅಂದ್ರೆ ಮೊಬೈಲ್ ತೋರಿಸಿದ್ಲು. ಕೆಂಪು ಬಾಣದ ಗುರುತು, ಉರಿಯೋ ಭೂಮಿ, ಮೆಷಿನ್ ದನಿ. ಮಾಡಿದವರ ಹೆಸರಿಲ್ಲ. ಯಾವ ವಿಜ್ಞಾನಿ, ಯಾವ ದೂರದರ್ಶಕ, ಯಾವ ವರ್ಷ ಅಂತ ಇಲ್ಲ. ಲಕ್ಷಾಂತರ ಜನ ನೋಡಿದ್ದಾರೆ ಅನ್ನೋದಷ್ಟೇ ಅದರ ಆಧಾರ.

ನಮ್ಮ ಕಚೇರಿಯಲ್ಲಿ ಹೊಸದಾಗಿ ಬಂದವರಿಗೂ ಒಂದು ಪಾಠ ಇದೆ. ಆಧಾರ ಇಲ್ಲದೆ ಟಿಪ್ಪಣಿ ಬರೀಬೇಡ. ದಾಖಲೆ ಎಲ್ಲಿ, ಯಾವ ಪುಟದಲ್ಲಿ, ಯಾರ ಸಹಿ, ಯಾವ ದಿನಾಂಕ. ಇದನ್ನ ಇಪ್ಪತ್ತು ವರ್ಷದಿಂದ ಮಾಡ್ತಿರೋ ನಾನು, ಮನೇಲಿ ಮಗಳ ತಲೆಗೆ ಹೋಗೋ ವಿಷಯಕ್ಕೆ ಒಂದು ದಿನವೂ ಈ ಪ್ರಶ್ನೆ ಕೇಳಿರಲಿಲ್ಲ.

ಡಾಕ್ಯುಮೆಂಟರಿಗೆ ಕನ್ನಡದಲ್ಲಿ ಎಂಥ ಒಳ್ಳೆ ಹೆಸರಿದೆ ನೋಡಿ: ಸಾಕ್ಷ್ಯಚಿತ್ರ. ಸಾಕ್ಷ್ಯ ಇರೋ ಚಿತ್ರ. ಸಾಕ್ಷಿ ಅನ್ನೋ ಮಾತಿನ ತೂಕ ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2000ನೇ ಇಸವಿಯಲ್ಲಿ ಕಂಬಾಲಪಲ್ಲಿಯಲ್ಲಿ ನಮ್ಮವರು ಏಳು ಜನ ಜೀವಂತ ಸುಟ್ಟುಹೋದರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆ ಆದರು. ಸಾಕ್ಷಿ ಇಲ್ಲದಿದ್ರೆ ನಡೆದದ್ದೂ ನಡೆದಿಲ್ಲ ಅಂತಾಗುತ್ತೆ. ಆಕಾಶದ ವಿಷಯದಲ್ಲಿ ಉಲ್ಟಾ. ಅಲ್ಲಿ ಸಾಕ್ಷಿ ಕೇಳದೇ ಇದ್ದಿದ್ದಕ್ಕೆ ನಡೆಯದೇ ಇರೋದನ್ನೆಲ್ಲ ನಮ್ಮ ತಲೆ ಮೇಲೆ ಹೊರಿಸಿದ್ರು.

ನಮ್ಮಜ್ಜಿ ಕಥೆ ಹೇಳ್ತೀನಿ. ಗ್ರಹಣ ಬಿಟ್ಟ ಮಾರನೇ ದಿನ ಅಜ್ಜಿ ಮೊರ ಹಿಡಕೊಂಡು ಕೇರಿಯಿಂದ ಊರೊಳಕ್ಕೆ ಹೋಗೋಳು. ಯಾರ ರಾಶಿಗೆ ದೋಷ ಬಂದಿದೆಯೋ ಅವರು ರಾಹುವಿಗೆ ಅಂತ ಉದ್ದು, ಕೇತುವಿಗೆ ಅಂತ ಹುರುಳಿ, ಜೊತೆಗೆ ಹಳೇ ಬಟ್ಟೆ ತಂದು, ಮುಟ್ಟದಂತೆ ಮೇಲಿಂದ ಸುರಿಯೋರು. ಅದರ ಹೆಸರು ದಾನ. ನಿಜವಾಗಿ ಅವರ ದೋಷ ನಮ್ಮಜ್ಜಿ ಮೊರಕ್ಕೆ ಬೀಳ್ತಿತ್ತು. ನಾನು ಆ ಹುರುಳಿ ಸಾರು ಉಂಡು ಬೆಳೆದೋನು. ಸಾರು ಚೆನ್ನಾಗೇ ಇರ್ತಿತ್ತು, ಆ ಮಾತು ಬೇರೆ. ಆದರೆ ಭೂಮಿಯ ನೆರಳು ಚಂದ್ರನ ಮೇಲೆ ಬಿದ್ದದ್ದಕ್ಕೆ ನಮ್ಮಜ್ಜಿ ಯಾಕೆ ತಲೆ ತಗ್ಗಿಸಿ ನಿಲ್ಲಬೇಕಿತ್ತು? "ಹೇಗೆ ಗೊತ್ತು? ಸಾಕ್ಷಿ ಎಲ್ಲಿ?" ಅಂತ ಆವತ್ತು ಕೇಳೋ ಧೈರ್ಯ ಕೇರಿಯಲ್ಲಿ ಯಾರಿಗಿತ್ತು?

ಅದಕ್ಕೇ ನನ್ನ ಮಗಳಿಗೆ ಎಂಥ ಚಿತ್ರ ತೋರಿಸಬೇಕು ಅನ್ನೋದು ನನಗೆ ಬರೀ ಟೈಂಪಾಸ್ ಪ್ರಶ್ನೆ ಅಲ್ಲ.

ನಾನು ಈಗ ನೋಡೋದು ಐದು ವಿಷಯ.

ಒಂದು, ಇದು "ಹೇಗೆ ಗೊತ್ತಾಯ್ತು" ಅಂತ ಹೇಳುತ್ತಾ? ಸೂರ್ಯನಲ್ಲಿ ಹೈಡ್ರೋಜನ್ ಇದೆ ಅಂದ್ರೆ ಸಾಲದು. ಯಾರೂ ಅಲ್ಲಿಗೆ ಹೋಗದೇ ಅದು ಗೊತ್ತಾದದ್ದು ಹೇಗೆ ಅಂತ ಹೇಳಬೇಕು. ಬೆಳಕನ್ನ ಒಡೆದು ಬಣ್ಣ ಮಾಡಿ, ಅದರೊಳಗಿನ ಕಪ್ಪು ಗೆರೆ ಓದಿದ್ದನ್ನ ತೋರಿಸಬೇಕು. ಹೇಗೆ ಅಂತ ಹೇಳದೆ ಏನು ಅಂತ ಮಾತ್ರ ಹೇಳೋದು ಪುರಾಣ, ಅದನ್ನ ಕೋಟು ಹಾಕಿದವರು ಹೇಳಿದ್ರೂ ಅಷ್ಟೇ.

ಎರಡು, ಯಾವುದು ಫೋಟೋ, ಯಾವುದು ಚಿತ್ರಕಾರ ಬಿಡಿಸಿದ್ದು ಅಂತ ಬಿಡಿಸಿ ಹೇಳುತ್ತಾ? ಚಂದ್ರಯಾನ ಇಳಿದ ಸಂಜೆ ನಾವು ಟಿವಿಯಲ್ಲಿ ನೋಡಿದ ಲ್ಯಾಂಡರ್ ಫೋಟೋ ಅಲ್ಲ. ನೌಕೆ ಕಳಿಸಿದ ಅಂಕಿಅಂಶ ಇಟ್ಟುಕೊಂಡು ಕಂಪ್ಯೂಟರ್ ಬಿಡಿಸಿದ್ದು. ನಿಜವಾದ ಫೋಟೋ ಆಮೇಲೆ ಬಂತು. ಇದನ್ನ ಹೇಳಿದಾಗ ಮಗಳಿಗೆ ಬೇಜಾರಾಗುತ್ತೆ ಅಂದುಕೊಂಡಿದ್ದೆ. ಅವಳು, "ಹಂಗಾದ್ರೆ ನಿಜವಾದ್ದು ತೋರಿಸು" ಅಂದ್ಲು. ಅಷ್ಟೇ ಬೇಕಾಗಿದ್ದು.

ಮೂರು, ಯಾವ ವರ್ಷದ್ದು? ಹಳೇ ಚಿತ್ರ ಕೆಟ್ಟದ್ದು ಅಂತಲ್ಲ, ಆದರೆ ದಿನಾಂಕ ಗೊತ್ತಿರಬೇಕು. 2006ರ ಮೊದಲಿನದ್ದಾದ್ರೆ ಪ್ಲೂಟೋ ಒಂಬತ್ತನೇ ಗ್ರಹ. 2015ರ ಜುಲೈ ಮೊದಲಿನದ್ದಾದ್ರೆ ಪ್ಲೂಟೋದ ಹತ್ತಿರದ ಫೋಟೋನೇ ಇರಲ್ಲ, ನ್ಯೂ ಹೊರೈಜನ್ಸ್ ಅಲ್ಲಿಗೆ ಹೋದದ್ದೇ ಆಗ. ಶನಿಗ್ರಹಕ್ಕೆ 2025ರ ಮಾರ್ಚಿನಲ್ಲಿ ಒಂದೇ ಸಲ 128 ಚಂದ್ರರು ಸೇರಿ ಒಟ್ಟು 274 ಆದವು. "ಶನಿ ಹೆಗಲೇರಿದ" ಅಂತ ನಾವು ಬೈತೀವಿ, ಪಾಪ ಶನಿ ಹೆಗಲ ಮೇಲೆ ಎಷ್ಟಿದಾವೆ ನೋಡಿ.

ನಾಲ್ಕು, ಯಾರ ಕೈ ಕಾಣಿಸುತ್ತೆ? ಬರೀ ಮಹಾಪುರುಷರು ಮಾತ್ರಾನಾ, ದುಡಿದವರೂ ಇದ್ದಾರಾ?

ಐದು, ನೋಡಿ ಮುಗಿದ ಮೇಲೆ ಮಗು ಏನು ಮಾಡುತ್ತೆ? ಇನ್ನೊಂದು ವಿಡಿಯೋ ಒತ್ತಿದ್ರೆ ಆ ಚಿತ್ರ ಸೋತಿತು. ಎದ್ದು ಹೊರಗೆ ಹೋಗಿ ತಲೆ ಎತ್ತಿ ನೋಡಿದ್ರೆ ಗೆದ್ದಿತು.

ಈಗ ಚಿತ್ರಗಳಿಗೆ ಬರ್ತೀನಿ. ಭಾಷೆ ನಮಗೆ ದೊಡ್ಡ ಅಡ್ಡಿ. ಮಗಳು ಸರ್ಕಾರಿ ಶಾಲೇಲಿ ಕನ್ನಡ ಮಾಧ್ಯಮ, ಆರನೇ ಕ್ಲಾಸು. ಒಳ್ಳೆಯವೆಲ್ಲ ಇಂಗ್ಲಿಷಲ್ಲಿವೆ. ನಾವು ಹತ್ತು ನಿಮಿಷ ನೋಡ್ತೀವಿ, ನಿಲ್ಲಿಸ್ತೀವಿ, ಕನ್ನಡದಲ್ಲಿ ಮಾತಾಡ್ತೀವಿ. ಪ್ಲೇಬ್ಯಾಕ್ ನಿಧಾನ ಮಾಡಿ, ಕೆಳಗೆ ಅಕ್ಷರ ಹಾಕಿಕೊಳ್ತೀವಿ. ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ. ಅರ್ಥ ಆಗದಿದ್ದಕ್ಕೆ "ನಂಗೂ ಗೊತ್ತಿಲ್ಲ ಕಣವ್ವ, ಹುಡುಕೋಣ" ಅಂತೀನಿ. ಈ ಮಾತು ಹೇಳೋಕೆ ಮೊದಮೊದಲು ನಾಚಿಕೆ ಆಗ್ತಿತ್ತು, ಈಗ ಇಲ್ಲ. ಬೆಂಗಳೂರಿಗೆ ಬರೋಕಾಗೋರು ತಾರಾಲಯದ ಕನ್ನಡ ಪ್ರದರ್ಶನದ ಸಮಯ ಕೇಳಿಕೊಂಡು ಬನ್ನಿ. ಗುಮ್ಮಟದ ಕೆಳಗೆ ಕತ್ತಲಾಗಿ, ನಕ್ಷತ್ರ ಬಂದು, ನಮ್ಮ ಭಾಷೆಯಲ್ಲಿ ಮಾತು ಕೇಳಿದಾಗ ಮಗಳು ನನ್ನ ಕೈ ಬಿಗಿಯಾಗಿ ಹಿಡಕೊಂಡಿದ್ಲು.

ಮನೇಲಿ ಶುರು ಮಾಡೋರಿಗೆ ಮೊದಲು "ಪವರ್ಸ್ ಆಫ್ ಟೆನ್". 1977ರದ್ದು, ಈಮ್ಸ್ ದಂಪತಿ ಮಾಡಿದ್ದು, ಒಂಬತ್ತೇ ನಿಮಿಷ. ಷಿಕಾಗೋದ ಪಾರ್ಕಲ್ಲಿ ಇಬ್ಬರು ಊಟಕ್ಕೆ ಬಂದಿದಾರೆ, ಅವರಲ್ಲಿ ಒಬ್ಬ ಮಲಗಿದಾನೆ. ಕ್ಯಾಮೆರಾ ಹತ್ತು ಸೆಕೆಂಡಿಗೊಮ್ಮೆ ಹತ್ತರಷ್ಟು ಮೇಲೆ ಹೋಗುತ್ತೆ. ಊರು, ಭೂಮಿ, ಸೂರ್ಯ, ಗೆಲಾಕ್ಸಿ ಎಲ್ಲಾ ದಾಟಿ ವಾಪಸ್ ಬಂದು ಆ ಮಲಗಿದವನ ಕೈಯೊಳಗೆ ಇಳಿದು ಅಣುವಿನ ತನಕ ಹೋಗುತ್ತೆ. ಭಾಷೆ ಅರ್ಥ ಆಗದಿದ್ರೂ ಚಿತ್ರ ಅರ್ಥ ಆಗುತ್ತೆ.

ಎರಡನೇದು "ಅಪೋಲೋ 11", 2019ರದ್ದು. ಇದರಲ್ಲಿ ಯಾರೂ ಕೂತು ವಿವರಣೆ ಕೊಡಲ್ಲ. 1969ರ ಜುಲೈನಲ್ಲಿ ತೆಗೆದ ಫಿಲ್ಮು, ಆವತ್ತಿನದೇ ದನಿ, ಅಷ್ಟೇ. ಪೂರ್ತಿ ಸಾಕ್ಷ್ಯ. ಬಿಳಿ ಷರ್ಟಿನ ಗಂಡಸರು ಸಾಲುಸಾಲಾಗಿ ಕೂತಿರೋ ಉಡಾವಣಾ ಕೊಠಡಿಯಲ್ಲಿ ಒಬ್ಬಳೇ ಹೆಂಗಸು. ಹೆಸರು ಜೋಆನ್ ಮಾರ್ಗನ್, ಇಂಜಿನಿಯರ್. ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ಮಗಳು ಬೆರಳಿಟ್ಟು ತೋರಿಸಿದ್ಲು.

ಇದನ್ನ ನೋಡುವಾಗ ನನ್ನ ಹೆಂಡತಿಯೂ ಪಕ್ಕ ಕೂತಿದ್ಲು. ಅವಳು ಗಾರ್ಮೆಂಟ್ಸಲ್ಲಿ ಟೈಲರ್. ರಾಕೆಟ್ಟು, ಚಂದ್ರ ಯಾವುದಕ್ಕೂ ಮಾತಾಡದೋಳು ಗಗನಯಾತ್ರಿ ಕಂಡ ತಕ್ಷಣ ಕೇಳಿದ್ಲು: "ಆ ಬಟ್ಟೆ ಹೊಲಿದೋರು ಯಾರು ರೀ?" ನನಗೆ ಗೊತ್ತಿರಲಿಲ್ಲ. ಹುಡುಕಿದೆ. ಹೆಂಗಸರ ಒಳಉಡುಪು ತಯಾರಿಸ್ತಿದ್ದ ಪ್ಲೇಟೆಕ್ಸ್ ಕಂಪನಿಯ ವಿಭಾಗವೊಂದರಲ್ಲಿ ಹೊಲಿಗೆ ಮೆಷಿನ್ ಮುಂದೆ ಕೂತಿದ್ದ ಹೆಣ್ಣುಮಕ್ಕಳು ಹೊಲಿದದ್ದು ಅದು. ಪದರದ ಮೇಲೆ ಪದರ. ಒಂದು ಹೊಲಿಗೆ ತಪ್ಪಿದ್ರೆ ಒಬ್ಬರ ಜೀವ. 2008ರ "ಮೂನ್ ಮಷೀನ್ಸ್" ಅನ್ನೋ ಸರಣಿಯಲ್ಲಿ ಈ ಉಡುಪಿಗೇ ಒಂದು ಕಂತಿದೆ. ಅದನ್ನ ನೋಡಿದ ರಾತ್ರಿ ನನ್ನ ಹೆಂಡತಿ ಮಗಳಿಗೆ ಅಂದ್ಲು, "ನೋಡಿದ್ಯಾ, ನಿಮ್ಮವ್ವನಂಥೋರೇ." ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ತನ್ನ ಕೆಲಸದ ಬಗ್ಗೆ ಅವಳು ಹಾಗೆ ಹೆಮ್ಮೆಯಿಂದ ಮಾತಾಡಿದ್ದು ನಾನು ಕೇಳಿರಲಿಲ್ಲ.

ಮೂರನೇದು "ದ ಫಾರ್ದೆಸ್ಟ್", 2017ರದ್ದು, ವಾಯೇಜರ್ ನೌಕೆಗಳ ಕಥೆ. ಅವನ್ನ ಕಟ್ಟಿದವರೇ, ನಡೆಸಿದವರೇ ಬಂದು ಮಾತಾಡ್ತಾರೆ. 1977ರಲ್ಲಿ ಹೊರಟವು ಇನ್ನೂ ಹೋಗ್ತಾ ಇವೆ. ಅವುಗಳಲ್ಲಿ ಒಂದು ಚಿನ್ನದ ಲೇಪದ ರೆಕಾರ್ಡ್ ಇದೆ. 55 ಭಾಷೆಗಳಲ್ಲಿ ನಮಸ್ಕಾರ ಹೇಳಿದಾರೆ, ಅದರಲ್ಲಿ ಕನ್ನಡವೂ ಒಂದು. ಭಾರತದಿಂದ ಅದರಲ್ಲಿರೋ ಒಂದೇ ಹಾಡು ಕೇಸರಬಾಯಿ ಕೇರ್ಕರ್ ಅವರದ್ದು. ಗೋವಾದ ಕೇರಿ ಅನ್ನೋ ಊರಿನ, ದೇವದಾಸಿ ಸಮುದಾಯದ ಹೆಣ್ಣುಮಗಳು. ಯಾರನ್ನ ಗುಡಿಯ ಹೆಸರಲ್ಲಿ ಹೀನವಾಗಿ ಕಂಡ್ರೋ ಅವರ ದನಿಯೇ ಸೌರಮಂಡಲ ದಾಟಿ ಹೋಗ್ತಿದೆ. ಇದನ್ನ ಮಗಳಿಗೆ ಹೇಳುವಾಗ ನನಗೇ ಗಂಟಲು ಕಟ್ಟಿತು.

ಗ್ರಹಗಳ ಬಗ್ಗೆ ಬಿಬಿಸಿಯ "ದ ಪ್ಲಾನೆಟ್ಸ್" (2019, ಐದು ಕಂತು) ಚೆನ್ನಾಗಿದೆ. "ಹಿಡನ್ ಫಿಗರ್ಸ್" ಅನ್ನೋದನ್ನೂ ತೋರಿಸಿ. ಆದರೆ ಅದು ಕಥಾಚಿತ್ರ, ಸಾಕ್ಷ್ಯಚಿತ್ರ ಅಲ್ಲ ಅಂತ ಮೊದಲೇ ಹೇಳಿ. ನಾಸಾದಲ್ಲಿ ಲೆಕ್ಕ ಮಾಡಿದ ಕ್ಯಾಥರೀನ್ ಜಾನ್ಸನ್, ಡೊರೊತಿ ವಾನ್, ಮೇರಿ ಜಾಕ್ಸನ್ ಮೂವರೂ ನಿಜ. ಕಪ್ಪುಜನರನ್ನ ಬೇರೆ ಕೂರಿಸಿದ್ದೂ ನಿಜ. ಬಿಳಿಯ ಸಾಹೇಬ ಶೌಚಾಲಯದ ಬೋರ್ಡು ಒಡೆಯೋ ದೃಶ್ಯ ಮಾತ್ರ ಸಿನಿಮಾದವರು ಸೇರಿಸಿದ್ದು. ನಮ್ಮನ್ನ ಬಿಡಿಸೋಕೆ ಯಾವಾಗಲೂ ಇನ್ನೊಬ್ಬ ದೊಡ್ಡಮನುಷ್ಯ ಬರಬೇಕು ಅನ್ನೋ ಕಥೆ ನಮಗೆ ಹೊಸದಲ್ಲವಲ್ಲ.

ಇನ್ನು "ಕಾಸ್ಮೋಸ್". ಇದನ್ನ ಕೊನೆಗಿಟ್ಟಿದ್ದಕ್ಕೆ ಕಾರಣ ಇದೆ.

2014ರದ್ದರಲ್ಲಿ ಎಂಟನೇ ಕಂತು ಹಾರ್ವರ್ಡ್‌ನ ಹೆಣ್ಣುಮಕ್ಕಳದ್ದು. ನಕ್ಷತ್ರಗಳು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ ಅಂತ 1925ರಲ್ಲಿ ಕಂಡುಕೊಂಡ ಸಿಸೀಲಿಯಾ ಪೇನ್ ಅದರಲ್ಲಿದ್ದಾರೆ. ದೊಡ್ಡ ಪ್ರೊಫೆಸರ್ ಒಪ್ಪಲಿಲ್ಲ, ಆಮೇಲೆ ಅವರೇ ಸರಿ ಅಂತಾಯ್ತು. ಇಲ್ಲಿ ನಿಲ್ಲಿಸಿ ಮಕ್ಕಳಿಗೆ ಒಂದು ಹೆಸರು ಹೇಳಿ: ಮೇಘನಾದ ಸಹಾ. ಪೇನ್ ಲೆಕ್ಕ ಮಾಡಿದ್ದು 1920ರಲ್ಲಿ ಸಹಾ ಕೊಟ್ಟ ಸಮೀಕರಣದ ಮೇಲೆ. ಢಾಕಾ ಹತ್ತಿರದ ಹಳ್ಳಿಯ ದಿನಸಿ ಅಂಗಡಿಯವನ ಮಗ. ಕಲ್ಕತ್ತೆಯ ಹಾಸ್ಟೆಲಲ್ಲಿ ಮೇಲ್ಜಾತಿಯ ಹುಡುಗರು ಅವರ ಜೊತೆ ಕೂತು ಊಟ ಮಾಡಲು ಒಪ್ಪಲಿಲ್ಲ. ಪಕ್ಕದಲ್ಲಿ ತಟ್ಟೆ ಇಡೋಕೆ ಜಾಗ ಕೊಡದಿದ್ದ ಆ ಹುಡುಗನೇ ನಕ್ಷತ್ರದ ಬೆಳಕು ಓದೋ ದಾರಿ ಜಗತ್ತಿಗೆ ತೋರಿಸಿದ್ದು. ಎಲ್ಲವೂ ವೇದದಲ್ಲೇ ಇದೆ ಅನ್ನೋರನ್ನ ಅವರು ಆ ಕಾಲದಲ್ಲೇ ಬರೆದು ತರಾಟೆಗೆ ತಗೊಂಡಿದ್ರು.

ಇನ್ನೊಂದು 1980ರ ಹಳೇ "ಕಾಸ್ಮೋಸ್", ಕಾರ್ಲ್ ಸೇಗನ್ ಅವರದ್ದು, ಹದಿಮೂರು ಕಂತು. ಮೂರನೇ ಕಂತಲ್ಲಿ ಸೇಗನ್ ಬೇರೆ ಬೇರೆ ಪತ್ರಿಕೆಯ ರಾಶಿಭವಿಷ್ಯ ಹಿಡಿದು ಹೋಲಿಸ್ತಾರೆ. ನಾವೂ ಮನೇಲಿ ಎರಡು ಕನ್ನಡ ಪತ್ರಿಕೆ ತಗೊಂಡು ನೋಡಿದ್ವಿ. ಮಗಳ ರಾಶಿಗೆ ಒಂದರಲ್ಲಿ ಧನಲಾಭ, ಇನ್ನೊಂದರಲ್ಲಿ ಖರ್ಚು. ಹತ್ತನೇ ಕಂತಲ್ಲಿ ಅವರು ತಮಿಳುನಾಡಿಗೆ ಬಂದು ಹಿಂದೂ ಕಾಲಗಣನೆ ಬಗ್ಗೆ ಮಾತಾಡೋ ತುಣುಕನ್ನ "ನೋಡಿ, ವಿಜ್ಞಾನಿಯೇ ಒಪ್ಪಿದ್ದಾನೆ" ಅಂತ ಕಳಿಸೋರಿದ್ದಾರೆ. ಆ ಅಂಕಿ ಹೊಂದೋದು ಆಕಸ್ಮಿಕ ಅಂತ ಅದೇ ಹೆಸರಿನ ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ತುಣುಕು ಬಂದರೆ ಪೂರ್ತಿ ಕಡತ ಕೇಳಿ.

ಮಕ್ಕಳಿಗೆ ಶುರು ಮಾಡಬೇಕಾದ್ದು ಏಳನೇ ಕಂತು. ಸೇಗನ್ ಬ್ರೂಕ್ಲಿನ್‌ನ ತಾನು ಓದಿದ ಶಾಲೆಗೆ ಹೋಗಿ ಮಕ್ಕಳಿಗೆ ಗ್ರಹಗಳ ಫೋಟೋ ಹಂಚ್ತಾರೆ. ಅದೇ ಕಂತಲ್ಲಿ ಇನ್ನೊಂದು ಮಾತು ಬರುತ್ತೆ. ಗ್ರೀಸ್‌ನಲ್ಲಿ ವಿಜ್ಞಾನ ಹುಟ್ಟಿದ್ದು ಕೈಕೆಲಸ ಮಾಡೋರ ಮಕ್ಕಳಿಂದ. ಅದು ಸೊರಗಿದ್ದು ಕೈಕೆಲಸ ಗುಲಾಮರದ್ದು ಅಂತ ಮೂಗು ಮುರಿಯೋರ ಕೈಗೆ ಹೋದಾಗ. ನಾನು ಅಲ್ಲಿ ನಿಲ್ಲಿಸಿ ಎರಡು ಸಲ ಕೇಳಿದೆ. ಚರ್ಮ ಹದ ಮಾಡೋನನ್ನ, ಮಡಕೆ ಮಾಡೋನನ್ನ, ಕಬ್ಬಿಣ ಬಡಿಯೋನನ್ನ ಊರಾಚೆ ಇಟ್ಟ ನಾಡು ಇದು. ನಮ್ಮ ನಾಡಿನ ಕಥೆಯನ್ನ ಅಮೆರಿಕದವನೊಬ್ಬ ಗ್ರೀಸಿನ ಹೆಸರಲ್ಲಿ ಹೇಳಿದ ಹಾಗಿತ್ತು.

ಆಗ ಮಗಳು ಕೇಳಿದ್ಲು, "ಅಪ್ಪ, ಇವ್ರು ನಿಂಗೆ ಹೆಂಗೆ ಗೊತ್ತು?"

ಗೆಳೆಯರೇ, ಸೇಗನ್ ಹೆಸರು ನಾನು ಮೊದಲು ಕೇಳಿದ್ದು 2016ರ ಜನವರಿಯಲ್ಲಿ. ರೋಹಿತ್ ವೇಮುಲ ನಮ್ಮನ್ನ ಬಿಟ್ಟುಹೋದಾಗ. ಕಾರ್ಲ್ ಸೇಗನ್ ಥರ ವಿಜ್ಞಾನ ಬರಹಗಾರ ಆಗಬೇಕು ಅನ್ನೋ ಆಸೆ ಇತ್ತು ಅಂತ ಅವನು ಬರೆದಿಟ್ಟಿದ್ದ. ನಾವೆಲ್ಲ ಅವನ ಫೋಟೋ ಹಿಡಿದು ಜಿಲ್ಲಾಧಿಕಾರಿ ಕಚೇರಿ ಮುಂದೆ ಕೂತಿದ್ವಿ. ನಾನು ಮೈಕ್ ಹಿಡಿದು ಆ ಪತ್ರದ ಕನ್ನಡ ಓದಿದ್ದೆ. ಒಬ್ಬ ಹಾಸ್ಟೆಲ್ ಹುಡುಗ ಆಮೇಲೆ ಬಂದು, "ಸರ್, ಸೇಗನ್ ಅಂದ್ರೆ ಯಾರು?" ಅಂತ ಕೇಳಿದ. "ದೊಡ್ಡ ವಿಜ್ಞಾನಿ ಕಣಪ್ಪ" ಅಂದೆ. ಅದಕ್ಕಿಂತ ಜಾಸ್ತಿ ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಹುಡುಕಲೂ ಇಲ್ಲ.

ಪ್ರತಿ ವರ್ಷ ಜನವರಿ 17ಕ್ಕೆ ಅವನ ಫೋಟೋ ಹಾಕಿದೆ. ಭಾಷಣ ಮಾಡಿದೆ. ಅವನ ಸಾವನ್ನ ಎತ್ತಿ ಹಿಡಿದೆ, ಹಿಡಿಯಲೇಬೇಕಿತ್ತು. ಆದರೆ ಅವನು ಏನನ್ನ ಪ್ರೀತಿಸಿದ್ದನೋ ಅದನ್ನ ಇಷ್ಟು ವರ್ಷ ಒಂದು ಗಂಟೆ ಕೂತು ನೋಡಲಿಲ್ಲ. ನಮ್ಮ ಹುಡುಗನೊಬ್ಬ ಆಕಾಶ ನೋಡ್ತಿದ್ದ, ನಾವು ಅವನ ಫೋಟೋ ಮಾತ್ರ ನೋಡಿದ್ವಿ.

ಮಗಳಿಗೆ, "ಒಬ್ಬ ಅಣ್ಣ ಹೇಳಿದ್ದ" ಅಂದೆ.

"ಯಾವಣ್ಣ? ನಮ್ಮನೆಗೆ ಬರ್ತಾರಾ?"

ಹೆಂಡತಿ ನನ್ನ ಮುಖ ನೋಡಿ ಬೇಡ ಅನ್ನೋ ಹಾಗೆ ತಲೆ ಆಡಿಸಿದ್ಲು. "ಆಮೇಲೆ ಹೇಳ್ತೀನಿ, ಈಗ ನೋಡು" ಅಂದೆ. ಇನ್ನೂ ಹೇಳಿಲ್ಲ. ಹನ್ನೊಂದು ವರ್ಷದ ಮಗುಗೆ ಅದನ್ನ ಯಾವ ಮಾತಲ್ಲಿ ಹೇಳೋದು ಅಂತ ನನಗೆ ತಿಳಿದಿಲ್ಲ. ಹೇಳೋ ದಿನ ಬರುತ್ತೆ. ಅದಕ್ಕೆ ಮುಂಚೆ ಆ ಅಣ್ಣನ ನಕ್ಷತ್ರಗಳು ಅವಳಿಗೆ ಚೆನ್ನಾಗಿ ಪರಿಚಯ ಆಗಿರಲಿ.

2025ರ ಸೆಪ್ಟೆಂಬರ್ 7ರ ರಾತ್ರಿ ಚಂದ್ರಗ್ರಹಣ ಇತ್ತಲ್ಲ, ಮೂವರೂ ತಾರಸಿ ಹತ್ತಿದ್ವಿ. ನಮ್ಮವ್ವನೂ ಮೊಣಕಾಲು ಹಿಡಕೊಂಡು ಬಂದ್ಲು. ಮೋಡದ ಸಂದಿಯಲ್ಲಿ ಕೆಂಪಗೆ ಕಾಣ್ತು. ಮಗಳು ಅಜ್ಜಿಗೆ ಭೂಮಿಯ ನೆರಳು ಹೇಗೆ ಬೀಳುತ್ತೆ ಅಂತ ಕೈಯಲ್ಲಿ ಕಿತ್ತಳೆ, ನಿಂಬೆಹಣ್ಣು ಹಿಡಿದು ತೋರಿಸಿದ್ಲು. ಅವ್ವ ಎಲ್ಲಾ ಕೇಳಿಸಿಕೊಂಡು, ಆ ಕಿತ್ತಳೇನ ಸುಲಿದು ಗ್ರಹಣ ಬಿಡೋ ಮುಂಚೆನೇ ತಿಂದ್ಲು. "ನಮ್ಮತ್ತೆ ಇರಬೇಕಿತ್ತು" ಅಂದ್ಲು ಅಷ್ಟೇ.

ಬರೋ ಭಾನುವಾರ ಸಂಜೆ ಆರಕ್ಕೆ ನಮ್ಮ ಅಂಬೇಡ್ಕರ್ ಭವನದಲ್ಲಿ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟು "ಅಪೋಲೋ 11" ತೋರಿಸ್ತಿದೀವಿ. ಮುಂದಿನ ವಾರ ಸೇಗನ್ ಏಳನೇ ಕಂತು, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳ್ತೀವಿ. ಹಾಸ್ಟೆಲ್ ಮಕ್ಕಳನ್ನೂ ಕರಕೊಂಡು ಬನ್ನಿ. ಮುಗಿದ ಮೇಲೆ ಲೈಟು ಆರಿಸಿ ಎಲ್ಲರೂ ಹೊರಗೆ ನಿಂತು ಮೇಲೆ ನೋಡೋದು. ಅದು ಕಡ್ಡಾಯ.

ಅವತ್ತು ಜಿಲ್ಲಾಧಿಕಾರಿ ಕಚೇರಿ ಮುಂದೆ ನನ್ನ ಪ್ರಶ್ನೆ ಕೇಳಿದ ಹುಡುಗ ಇದನ್ನ ಓದ್ತಿದ್ರೆ, ನೀನೂ ಬಾರಪ್ಪ. ಉತ್ತರ ಬಾಕಿ ಇದೆ.

ಜೈ ಭೀಮ್.